ಐಟಿಐ ಫಿಟರ್ ಬಗ್ಗೆ ಕೇಳಿದ ಅಕ್ಕನಿಗೆ

ಅಕ್ಕಾ, ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ನಿಮ್ಮ ಪ್ರಶ್ನೆ ಓದಿದೆ. ಮಗ ಹತ್ತನೇ ತರಗತಿ ಪಾಸಾಗಿದ್ದಾನೆ, ಓದು ಅಷ್ಟಕ್ಕಷ್ಟೇ, ಆದರೆ ಮನೆಯ ಮಿಕ್ಸರ್ ಬಿಚ್ಚಿ ತಾನೇ ಸರಿ ಮಾಡುತ್ತಾನೆ. ಡಿಪ್ಲೊಮಾಗೆ ಹಾಕೋದಾ, ಐಟಿಐಗಾ, ಇಲ್ಲಾ ಪರಿಚಯದವರ ಲೋಹ ಕಡೆಯುವ ಲೇತ್ ಶಾಪಿಗೆ ಸೇರಿಸಿಬಿಡೋದಾ ಅಂತ ಕೇಳಿದ್ದೀರಿ. ನಾನು ಪುಣೆಯ ಭೋಸರಿಯಲ್ಲಿ ಟೂಲ್ ರೂಮ್ ಫಿಟರ್, ಅಂದರೆ ಲೋಹದ ಭಾಗಗಳನ್ನು ಉಜ್ಜಿ ಅಳತೆಗೆ ತಂದು ಒಂದಕ್ಕೊಂದು ಕೂರಿಸುವವನು. ನನ್ನ ಮಾತು ಕೇಳುವುದಾದರೆ ಐಟಿಐ ಫಿಟರ್‌ಗೆ ಹಾಕಿ. ಆದರೆ ಅದಾದ ಮೇಲೆ ಕಂಪನಿಯಲ್ಲಿ ಕೆಲಸ ಕಲಿಯುವ ಅಪ್ರೆಂಟಿಸ್ ವರ್ಷವನ್ನು ತುಂಬಾ ನೋಡಿ ಆರಿಸಿ.

ಲೇತ್ ಶಾಪಿನವರು ಒಳ್ಳೆಯವರೇ ಇರಬಹುದು. ಆದರೆ ಅವರಿಗೆ ಆರ್ಡರ್ ಮುಗಿಸುವ ಅವಸರ, ಕಲಿಸಲು ಪುರುಸೊತ್ತು ಎಲ್ಲಿ? ಹುಡುಗ ಚೂರು ಗುಡಿಸುತ್ತಾನೆ, ಚಹಾ ತರುತ್ತಾನೆ, ಒಂದೇ ಡ್ರಿಲ್ ಮಷೀನಿನ ಮುಂದೆ ನಿಲ್ಲುತ್ತಾನೆ. ಐದು ವರ್ಷ ಕಳೆದರೂ ಡ್ರಾಯಿಂಗ್ ಓದಲು ಬರದ ಹುಡುಗರು ನಮ್ಮ ಗಲ್ಲಿಯಲ್ಲೇ ಇದ್ದಾರೆ. ಕೈಯಲ್ಲಿ ಸರ್ಟಿಫಿಕೇಟೂ ಇಲ್ಲ.

ಐಟಿಐಯಲ್ಲಿ ಫಿಟರ್ ಎರಡು ವರ್ಷ. ಶುರುವಿಗೆ ಫೈಲಿಂಗೇ ಫೈಲಿಂಗ್, ಅಂದರೆ ಅರದಿಂದ ಉಜ್ಜುವುದು. ಬಿಗಿಯಾಗಿ ಹಿಡಿಯುವ ವೈಸಿನಲ್ಲಿ ಒಂದು ಕಬ್ಬಿಣದ ತುಂಡು, ಕೈಯಲ್ಲಿ ಫೈಲ್ (ಅರ). ಮುಂದಕ್ಕೆ ತಳ್ಳುವಾಗ ಮೊದಲು ಎಡಗೈ ಭಾರ, ನಡುವೆ ಎರಡೂ ಸಮ, ಕೊನೆಗೆ ಬಲಗೈ. ಹಿಂದಕ್ಕೆ ಎಳೆಯುವಾಗ ಒತ್ತಲೇಬಾರದು. ಕೈ ಉಯ್ಯಾಲೆಯಾಡಿದರೆ ತುಂಡಿನ ಎರಡೂ ಅಂಚು ಸವೆದು ನಡುವೆ ಉಬ್ಬು ಉಳಿಯುತ್ತೆ. ಮೂಲೆ ಚೌಕ ಇದೆಯಾ ನೋಡುವ ಟ್ರೈಸ್ಕ್ವೇರ್ ಇಟ್ಟು ಕಿಟಕಿಯ ಕಡೆ ಹಿಡಿದರೆ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಕಾಣುತ್ತೆ. ಆ ಬೆಳಕು ಪೂರ್ತಿ ಮುಚ್ಚುವವರೆಗೆ ನಮ್ಮ ಸರ್ ಮುಂದಿನ ತುಂಡು ಕೊಡುತ್ತಿರಲಿಲ್ಲ.

ಈಗ ಎಲ್ಲಾ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷೀನು), ಫೈಲ್ ಯಾಕೆ ಅಂತ ಇದೇ ಗುಂಪಿನಲ್ಲಿ ಒಬ್ಬರು ಬರೆದಿದ್ದಾರೆ. ಬಟನ್ ಒತ್ತುವುದು ಬೇಗ ಬರುತ್ತೆ. ಲೋಹ ಕತ್ತರಿಸುವ ಇನ್ಸರ್ಟ್ ಸವೆದು ಅಳತೆ 0.02 ಮಿಲಿಮೀಟರ್ ಜಾರಿದಾಗ ಅದನ್ನು ಹಿಡಿದು ಮಷೀನಿಗೆ ಆ ತಿದ್ದುಪಡಿ, ಅಂದರೆ ಆಫ್‌ಸೆಟ್ ಕೊಡಬೇಕಲ್ಲ, ಅಲ್ಲಿ ಬೇಕಾಗೋದು ಮೈಕ್ರೋಮೀಟರ್ ಹಿಡಿದು ಪಳಗಿದ ಕೈ. ಬಟನ್ ಒತ್ತುವ ಆಪರೇಟರ್‌ಗೂ ಮಷೀನನ್ನು ಅಳತೆಗೆ ಹೊಂದಿಸುವ ಸೆಟರ್‌ಗೂ ಸಂಬಳದಲ್ಲಿ ವ್ಯತ್ಯಾಸ ಬರೋದೇ ಅದರಿಂದ.

ಇನ್ನು ಅಪ್ರೆಂಟಿಸ್. ಐಟಿಐ ಆದ ಮೇಲೆ ಕಂಪನಿಯಲ್ಲಿ ಒಂದು ವರ್ಷ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿ ಅಪ್ರೆಂಟಿಸ್ ತೆಗೆದುಕೊಳ್ಳಲೇಬೇಕು. ಸ್ಟೈಪೆಂಡ್ ಕೊಡಬೇಕು. ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಿಲ್ಲ, ಅದನ್ನು ಹುಡುಗನಿಗೆ ಮೊದಲೇ ಹೇಳಿಬಿಡಿ.

ಕಂಪನಿ ನೋಡಿ ಆರಿಸಿ ಅಂತ ಒತ್ತಿ ಹೇಳಲು ಕಾರಣ ಇದೆ. ನನ್ನನ್ನು ತೆಗೆದುಕೊಂಡ ಕಂಪನಿ ಮೊದಲ ವಾರವೇ ತಗಡು ಒತ್ತುವ ಒಂದು ಪ್ರೆಸ್ಸಿನ ಮುಂದೆ ನಿಲ್ಲಿಸಿತು. ಹನ್ನೊಂದು ತಿಂಗಳು ಶೀಟ್ ಇಡು, ಪೆಡಲ್ ಒತ್ತು, ತೆಗೆ. ಕಾಗದದಲ್ಲಿ ಫಿಟರ್ ಅಪ್ರೆಂಟಿಸ್, ಮಾಡಿದ್ದು ಹೆಲ್ಪರ್ ಕೆಲಸ. ಪ್ರಾಕ್ಟಿಕಲ್ ಪರೀಕ್ಷೆ ದಿನ ಎರಡು ತುಂಡು ಒಂದರೊಳಗೊಂದು ಕೂರಬೇಕಿತ್ತು, ನನ್ನವು ಗಡಗಡ ಅಲುಗಾಡಿದವು. ಐಟಿಐಯಲ್ಲಿ ಕಲಿತದ್ದೂ ಕೈ ಬಿಟ್ಟುಹೋಗಿತ್ತು. ಆಮೇಲೆ ಒಬ್ಬ ಮರಾಠಿ ಮೇಸ್ತ್ರಿಯ ಕೈಕೆಳಗೆ ಕಡಿಮೆ ಸಂಬಳಕ್ಕೆ ಎರಡು ವರ್ಷ ದುಡಿದು ಮತ್ತೆ ಕಲಿತೆ. ನಿಮ್ಮ ಮಗನಿಗೆ ಹಾಗಾಗಬಾರದು.

ಆದ್ದರಿಂದ ಕಂಪನಿ ಪಿಂಪ್ರಿಯದಾಗಲಿ, ಚಾಕಣ್‌ನದಾಗಲಿ, ಸ್ಟೈಪೆಂಡ್ ಎಷ್ಟು ಅನ್ನೋದಕ್ಕಿಂತ ಮೊದಲು ಇದನ್ನು ಕೇಳಿ: ಕಲಿಯುವವರಿಗೆ ಬೇರೆ ಟ್ರೇನಿಂಗ್ ಶಾಪ್ ಇದೆಯಾ? ಯಾವ ಯಾವ ಡಿಪಾರ್ಟ್‌ಮೆಂಟಿಗೆ ಎಷ್ಟು ತಿಂಗಳು ಹಾಕುತ್ತೀರಿ? ಕಲಿಸುವವರು ಯಾರು? ಈಗಾಗಲೇ ಅಲ್ಲಿರುವ ಒಬ್ಬ ಅಪ್ರೆಂಟಿಸನ್ನು ಗೇಟಿನ ಹೊರಗೆ ಚಹಾ ಅಂಗಡಿಯಲ್ಲಿ ಮಾತಾಡಿಸಿ, ಪೂರ್ತಿ ಸತ್ಯ ಅವನೇ ಹೇಳುತ್ತಾನೆ. ಕರಾರು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲಿನಲ್ಲಿ ನೋಂದಣಿ ಆಗಿದೆಯಾ ಅಂತಲೂ ನೋಡಿ.

ಡಿಪ್ಲೊಮಾ ಬಾಗಿಲು ಮುಚ್ಚುವುದಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ನೇರ ಎರಡನೇ ವರ್ಷಕ್ಕೆ ಸೇರುವ ದಾರಿ ಇದೆ. ಔಂಧ್‌ನ ಸರ್ಕಾರಿ ಐಟಿಐ ನಿಮಗೆ ದೂರವಲ್ಲ. ಅರ್ಜಿ ಆನ್‌ಲೈನ್.

ಒಂದೇ ಅನುಮಾನ. ಮಿಕ್ಸರ್ ಬಿಚ್ಚುವ ಹುಡುಗನಿಗೆ ಲೋಹ ಇಷ್ಟವಾ, ವೈರಿಂಗ್ ಇಷ್ಟವಾ? ವೈರಿಂಗ್ ಆದರೆ ಎಲೆಕ್ಟ್ರೀಷಿಯನ್ ಟ್ರೇಡ್ ನೋಡಿ, ಅದೂ ಎರಡು ವರ್ಷವೇ. ಭಾನುವಾರ ಅವನನ್ನು ನಮ್ಮ ಮನೆಗೆ ಕಳಿಸಿ. ಗ್ಯಾಲರಿಯಲ್ಲಿ ಸಣ್ಣ ವೈಸ್ ಇದೆ, ಒಂದು ತುಂಡು ಕೊಡುತ್ತೇನೆ. ಒಂದು ಗಂಟೆ ಫೈಲ್ ಹಿಡಿದು ಅಂಗೈ ಉರಿದ ಮೇಲೂ ಸ್ಕ್ವೇರ್ ಎತ್ತಿ ತಾನಾಗಿ ಬೆಳಕಿಗೆ ಹಿಡಿದರೆ, ಫಿಟರ್ ಅಂತಲೇ ಫಾರ್ಮ್ ತುಂಬಿ.