ಹಳೆಯ ಅಂಬಾಸಿಡರ್‌ಗೆ ಗನ್‌ಮೆಟಲ್ ವಾಲ್ವ್ ಗೈಡ್ ಹಾಕಿಸಲಾ, ಬೀಡಿನದೇ ಸಾಕಾ?

ನಿಮ್ಮ ಹಳೇ ಅಂಬಾಸಿಡರಿನಲ್ಲಿ ಘಾಟ್ ಇಳಿದು ಆಕ್ಸಿಲರೇಟರ್ ಒತ್ತಿದ ಕೂಡಲೇ ನೀಲಿ ಹೊಗೆ ಬರುತ್ತದೆ, ವಾಲ್ವ್ ಗೈಡ್ (ವಾಲ್ವಿನ ಕಡ್ಡಿ, ಅಂದರೆ ಸ್ಟೆಮ್, ಮೇಲೆ ಕೆಳಗೆ ಓಡಾಡುವ ಕೊಳವೆ) ಗನ್‌ಮೆಟಲ್ಲಿನದು (ಒಂದು ಬಗೆಯ ಕಂಚು) ಹಾಕಿಸಲಾ, ಬೀಡಿನದೇ (ಎರಕದ ಕಬ್ಬಿಣ) ಸಾಕಾ ಅಂತ ಕೇಳಿದ್ದೀರಿ. ನನ್ನ ಗಾಡಿಯ ಕಥೆಯೂ ಅಲ್ಲಿಂದಲೇ ಶುರುವಾಗಿದ್ದು.

ನನ್ನದು 1972ರ ಅಂಬಾಸಿಡರ್ ಮಾರ್ಕ್ 2, 1489 ಸಿಸಿ ಪೆಟ್ರೋಲ್ ಎಂಜಿನ್. ಅಪ್ಪ ಓಡಿಸುತ್ತಿದ್ದ ಗಾಡಿ. ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯುವಾಗ ಏನೂ ಗೊತ್ತಾಗುತ್ತಿರಲಿಲ್ಲ. ಕೆಳಗೆ ಬಂದು ಆಕ್ಸಿಲರೇಟರ್ ಒತ್ತಿದರೆ ಕನ್ನಡಿ ತುಂಬಾ ಹೊಗೆ. ಇಳಿಜಾರಿನಲ್ಲಿ ಕಾಲು ತೆಗೆದಾಗ ಇನ್‌ಲೆಟ್ ಪೋರ್ಟಿನಲ್ಲಿ (ಗಾಳಿ, ಪೆಟ್ರೋಲ್ ಒಳಗೆ ಬರುವ ದಾರಿ) ಎಳೆತ ಜೋರಾಗಿರುತ್ತದೆ. ಗೈಡ್ ಸವೆದಿದ್ದರೆ ಮೇಲಿನ ಆಯಿಲ್ ಸ್ಟೆಮ್ ಪಕ್ಕದಿಂದ ಒಳಗೆ ಜಾರುತ್ತದೆ. ಆಮೇಲೆ ಅದೇ ಉರಿದು ಹೊಗೆಯಾಗುತ್ತದೆ.

ಎಂಜಿನ್ನಿನ ಮೇಲ್ಭಾಗ, ಅಂದರೆ ವಾಲ್ವ್‌ಗಳಿರುವ ಹೆಡ್ ಇಳಿಸಿ ನೋಡಿದೆ. ವಾಲ್ವನ್ನು ಸ್ವಲ್ಪ ಎತ್ತಿ ಅಲ್ಲಾಡಿಸಿದರೆ ಬೀಳೋಕೆ ಬಂದ ಹಲ್ಲಿನ ಹಾಗೆ ಆಡುತ್ತಿತ್ತು. ಉದ್ಯಮಬಾಗದ ಒಂದು ಶಾಪಿನಲ್ಲಿ ಎಂಟೂ ಗೈಡ್ ತೆಗೆಸಿ ಹೊಸವು ಹಾಕಿಸಿದೆ, ತೂತನ್ನು ಅಳತೆಗೆ ತರೋಕೆ ರೀಮರ್ ಕೂಡ ಹೊಡೆಸಿದೆ. ಸೀಟ್ (ಮುಚ್ಚಿದಾಗ ವಾಲ್ವ್ ಕೂರುವ ಉಂಗುರದಂಥ ಅಂಚು) ಕಟ್ ಮಾಡಬೇಕಾ ಅಂತ ಅವರು ಕೇಳಿದರು. ಬೇಡ, ಸೀಟ್ ಚೆನ್ನಾಗೇ ಇದೆ, ಮನೆಯಲ್ಲಿ ಉಜ್ಜುವ ಪೇಸ್ಟ್ ಹಾಕಿ ತಿಕ್ಕಿಕೊಳ್ಳುತ್ತೇನೆ ಅಂದೆ.

ನಾನು ಮಾಡಿದ ತಪ್ಪು ಇದೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅವತ್ತು ನನಗೆ ಯಾರೂ ಹೇಳಿರಲಿಲ್ಲ. ವಾಲ್ವ್ ಎಲ್ಲಿ ಕೂರಬೇಕು ಅನ್ನೋದನ್ನು ತೀರ್ಮಾನಿಸೋದು ಗೈಡ್. ವಾಲ್ವನ್ನು ತೆರೆಯುವ ರಾಕರ್ ಪ್ರತಿ ಸಲ ಒತ್ತುವಾಗ ಸ್ಟೆಮ್ಮನ್ನು ಸ್ವಲ್ಪ ಪಕ್ಕಕ್ಕೂ ತಳ್ಳುತ್ತದೆ. ಹಾಗಾಗಿ ಹಳೇ ಗೈಡಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ. ವಾಲ್ವ್ ವಾರೆಯಾಗಿಯೇ ಕೂತು ಕೂತು ಸೀಟೂ ಅದೇ ವಾರೆಗೆ ಹೊಂದಿಕೊಂಡಿರುತ್ತದೆ. ಹೊಸ ಗೈಡ್ ಬಂದಾಗ ನಡುಗೆರೆ ಬದಲಾಯಿತು, ಸೀಟ್ ಮಾತ್ರ ಹಳೇ ಜಾಗದಲ್ಲೇ ಉಳಿಯಿತು. ಎರಡು ಮೂರು ಥೌ (ಇಂಚಿನ ಸಾವಿರದ ಒಂದು ಭಾಗ) ಅಷ್ಟೇ ಇರಬಹುದು. ಆದರೆ ವಾಲ್ವ್ ಒಂದು ಕಡೆ ತಾಗಿ ಇನ್ನೊಂದು ಕಡೆ ತಾಗದೇ ಇರೋಕೆ ಅಷ್ಟು ಸಾಕು. ಪೇಸ್ಟ್ ಹಾಕಿ ತಿಕ್ಕಿದರೆ ಇದು ಸರಿಹೋಗಲ್ಲ, ಮುಚ್ಚಿಹೋಗುತ್ತದೆ. ವಾಲ್ವ್ ತಿರುಗಿಸುತ್ತಾ ತಿಕ್ಕುವುದರಿಂದ ಅದರ ಮುಖದ ಮೇಲೆ ಸುತ್ತಲೂ ಬೂದು ಪಟ್ಟಿ ಚೆಂದ ಕಾಣುತ್ತದೆ. ನಾನು ಆ ಪಟ್ಟಿ ನೋಡಿಯೇ ಖುಷಿಪಟ್ಟೆ.

ಹೊಗೆ ನಿಂತಿತು. ಸುಮಾರು 1,500 ಕಿಲೋಮೀಟರ್ ಆದ ಮೇಲೆ ಐಡ್ಲಿಂಗಿನಲ್ಲಿ ಎಂಜಿನ್ ಕುಂಟತೊಡಗಿತು. ಕಂಪ್ರೆಷನ್ (ಸಿಲಿಂಡರಿನ ಒಳಗಿನ ಒತ್ತಡ) ಮೂರು ಸಿಲಿಂಡರಿನಲ್ಲಿ ಚದರ ಇಂಚಿಗೆ 120 ಪೌಂಡ್ ಆಸುಪಾಸು ಇತ್ತು, ಮೂರನೇ ನಂಬರಿನಲ್ಲಿ ಬರೀ 50. ಅದರ ಎಕ್ಸಾಸ್ಟ್ ವಾಲ್ವ್ ಅಂಚು ಸುಟ್ಟು ಚೂರು ಹಾರಿತ್ತು. ಈ ಹೆಡ್ಡಿನಲ್ಲಿ ಎರಡು ಮತ್ತು ಮೂರನೇ ಸಿಲಿಂಡರಿನ ಎಕ್ಸಾಸ್ಟ್ ಒಂದೇ ಪೋರ್ಟಿಗೆ ಬರುತ್ತವೆ, ಅಲ್ಲಿ ಬಿಸಿ ಜಾಸ್ತಿ. ವಾಲ್ವ್ ತನ್ನ ಬಿಸಿಯನ್ನು ಬಿಟ್ಟುಕೊಡೋದೇ ಹೆಚ್ಚಾಗಿ ಸೀಟಿನ ಮೂಲಕ. ಸರಿಯಾಗಿ ಕೂರದಿದ್ದರೆ ಬಿಸಿ ಎಲ್ಲಿಗೆ ಹೋಗಬೇಕು?

ಮತ್ತೆ ಹೆಡ್ ಹೊತ್ತುಕೊಂಡು ಹೋದಾಗ ಅಲ್ಲಿನ ಹಿರಿಯ ಫಿಟ್ಟರ್ ಕಾಕಾ ವಾಲ್ವ್ ಮುಖಕ್ಕೆ ತೆಳ್ಳಗೆ ಬ್ಲೂ (ಎಲ್ಲೆಲ್ಲಿ ತಾಗುತ್ತದೆ ಅಂತ ತೋರಿಸುವ ನೀಲಿ ಬಣ್ಣ) ಹಚ್ಚಿ, ತಿರುಗಿಸದೆ ಸುಮ್ನೆ ಒಮ್ಮೆ ಒತ್ತಿ ತೆಗೆದರು. ಸೀಟಿನ ಅರ್ಧಕ್ಕಷ್ಟೇ ಬಣ್ಣ ತಾಗಿತ್ತು. "ಗೈಡ್ ಹೊಸಾವ ಹಾಕೀರಿ, ಸೀಟ್ ಹಳೇದ ಬಿಟ್ಟೀರಲ್ರೀ," ಅಂದರು. ಅವತ್ತೇ ಎಂಟೂ ಸೀಟ್ ಕಟ್ ಮಾಡಿಸಿದೆ. ಕಟರಿನ ಪೈಲಟ್ (ಅದರ ನಡುವಿನ ಕಡ್ಡಿ) ಹೊಸ ಗೈಡಿನ ಒಳಗೇ ಕೂತು ತಿರುಗುತ್ತದೆ, ಆದ್ದರಿಂದ ಸೀಟ್ ಗೈಡಿನ ನಡುವಿಗೇ ಬರುತ್ತದೆ.

ಈಗ ನಿಮ್ಮ ಗನ್‌ಮೆಟಲ್ಲಾ ಬೀಡಾ ಪ್ರಶ್ನೆ. ಅದು ಮುಖ್ಯವೇ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ನಿಮ್ಮ ಹೆಡ್ ಬೀಡಿನದು, ಬೀಡಿನ ಗೈಡ್ ಅದಕ್ಕೆ ಧಾರಾಳ ಸಾಕು. ಗನ್‌ಮೆಟಲ್ ಬಿಸಿಗೆ ಜಾಸ್ತಿ ಹಿಗ್ಗುತ್ತದೆ, ಗ್ಯಾಪಿನ ಲೆಕ್ಕ ತಪ್ಪಿದರೆ ವಾಲ್ವ್ ಹಿಡಿದುಕೊಳ್ಳುತ್ತದೆ. ಹಳೇ ಗೈಡಿಗೇ ನರ್ಲಿಂಗ್ (ಒಳಗೆ ಗೆರೆ ಒತ್ತಿ ತೂತು ಬಿಗಿ ಮಾಡೋದು) ಮಾಡಿಸಿಕೊಳ್ಳಿ ಅನ್ನುವವರ ಮಾತು ಕೇಳಬೇಡಿ, ಅದು ಬಹಳ ದಿನ ಬಾಳಲ್ಲ.

ಹೆಡ್ ಇಳಿಸುವ ಮೊದಲು ಒಂದು ಕೆಲಸ ಮಾಡಿ. ಕಂಪ್ರೆಷನ್ ನೋಡಿ, ಕಡಿಮೆ ಇದ್ದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಜಿಗಿದು ಏರಿದರೆ ಪಿಸ್ಟನ್ ರಿಂಗ್ ಕೂಡ ಹೋಗಿದೆ, ಆಗ ಗೈಡ್ ಒಂದನ್ನೇ ಮಾಡಿಸಿ ಪ್ರಯೋಜನವಿಲ್ಲ. ಸ್ಟೆಮ್ ಸವೆದಿದೆಯಾ ಅಂತ ಮೈಕ್ರೋಮೀಟರ್ ಹಿಡಿದು ನೋಡಿಸಿ, ಸವೆದ ಸ್ಟೆಮ್ಮಿಗೆ ಹೊಸ ಗೈಡ್ ದಂಡ. ಇನ್ನು ಶಾಪಿಗೆ ಹೋದಾಗ, ಗೈಡ್ ಆದ ಮೇಲೆ ಸೀಟ್ ಕಟ್ ಮಾಡ್ತೀರಾ ಅಂತ ಮೊದಲು ಕೇಳಿ. ಬೇಕಾಗಲ್ಲ ಅಂದರೆ ಹೆಡ್ ಎತ್ತಿಕೊಂಡು ಪಕ್ಕದ ಶಾಪಿಗೆ ಹೋಗಿ.