ಕೂಸಿಗೆ ‘ಕುಮಾರ ಗಂಧರ್ವ’ ಅಂತ ಹೆಸರಿಡಬೇಕೆಂದ ಅಪ್ಪ

ಮಗುವಿನ ಹೆಸರಿನ ಜಗಳವೂ ಆಪ್ತಸಲಹೆಗೆ ಬರುವ ವಿಷಯವಾ ಅಂತ ಕೇಳುವವರಿದ್ದಾರೆ. ಬರುತ್ತದೆ. ಬೆಳಗಾವಿಯಲ್ಲಿ ಕೂತು ಕೆಲಸ ಮಾಡುವ ನನ್ನ ಹತ್ತಿರ ಮತ್ತೆ ಮತ್ತೆ ಬಂದಿದೆ. ಆದರೆ ಯಾರೂ ‘ಹೆಸರಿನ ಜಗಳ’ ಅಂತ ಹೇಳಿಕೊಂಡು ಬರುವುದಿಲ್ಲ. ‘ಸೊಸೆ ತವರಿನಿಂದ ಬರಲೊಲ್ಲಳು’ ಅಂತ ಬರುತ್ತಾರೆ. ‘ಬೀಗರು ಮಾತು ಬಿಟ್ಟಾರ’ ಅಂತ ಬರುತ್ತಾರೆ. ಸ್ವಲ್ಪ ಕೆದಕಿದರೆ ಒಳಗೆ ಒಂದು ಹೆಸರು ಸಿಗುತ್ತದೆ.

ಈ ಪ್ರಕರಣವನ್ನು ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಊರು, ಉದ್ಯೋಗ ಬದಲಿಸಿದ್ದೇನೆ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಹೆಸರು ಮಾತ್ರ ಹಾಗೇ ಇದೆ. ಅದನ್ನು ಬದಲಿಸಿದರೆ ವಿಷಯವೇ ಅರ್ಥವಾಗುವುದಿಲ್ಲ.

ಗಂಡನಿಗೆ ಮೂವತ್ತೈದರ ಆಸುಪಾಸು, ಅಂಗಡಿ ನಡೆಸುತ್ತಾರೆ. ಹೆಂಡತಿ ಶಾಲೆಯಲ್ಲಿ ಟೀಚರ್. ಮದುವೆಯಾಗಿ ತುಂಬಾ ವರ್ಷದ ಮೇಲೆ ಹುಟ್ಟಿದ ಗಂಡು ಮಗು. ತೊಟ್ಟಿಲ ಕಾರ್ಯ ಹೆಂಡತಿಯ ತವರಿನಲ್ಲಿ ನಡೆಯಿತು. ಮಗುವಿನ ಹೆಸರನ್ನು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಆದರೆ ಅವತ್ತು ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್‍ರ್ ಅಂದು, ಎಲ್ಲರ ಮುಂದೆ ಕೂಗಿದ ಹೆಸರು ಬೇರೆಯೇ ಆಗಿತ್ತು. ‘ಕುಮಾರ ಗಂಧರ್ವ’. ಮಗುವಿನ ಅಪ್ಪನೇ ಹಿಂದಿನ ರಾತ್ರಿ ಫೋನ್ ಮಾಡಿ ತಂಗಿಗೆ ಹೇಳಿಕೊಟ್ಟಿದ್ದರು. ಗುಗ್ಗರಿ ಹಂಚುವ ಹೊತ್ತಿಗೆ ಎರಡು ಮನೆಯವರ ಮುಖ ಬಿಗಿದುಕೊಂಡಿದ್ದವು. ಮೂರು ತಿಂಗಳಾದರೂ ಬಾಣಂತಿ ಗಂಡನ ಮನೆಗೆ ಹೋಗಲಿಲ್ಲ. ಹೆಸರು ಇತ್ಯರ್ಥವಾಗುವ ತನಕ ಬರುವುದಿಲ್ಲ ಅಂದಳು. ಹಿನ್ನೆಲೆ ಇಷ್ಟು ಸಾಕು.

ನಡೆದದ್ದನ್ನು ಹೇಳುವ ಮುಂಚೆ ಇನ್ನೊಬ್ಬ ಹುಡುಗನ ವಿಷಯ ಹೇಳಬೇಕು. ನನ್ನ ಸಲಹೆಯ ಬೇರು ಅಲ್ಲಿದೆ. ವಿಜಯಪುರ ಕಡೆಯ ಹುಡುಗ, ಒಂಬತ್ತನೇ ಕ್ಲಾಸು. ಶಾಲೆ ತಪ್ಪಿಸುತ್ತಾನೆ ಅಂತ ಕರೆದುಕೊಂಡು ಬಂದಿದ್ದರು. ಅವನಿಗೆ ಒಬ್ಬ ದೊಡ್ಡ ಗಾಯಕರ ಪೂರ್ತಿ ಹೆಸರನ್ನೇ ಇಟ್ಟಿದ್ದರು. ಹೊಸ ಟೀಚರ್ ಬಂದಾಗಲೆಲ್ಲ ಹಾಜರಿ ಕರೆಯುತ್ತಾ ಆ ಹೆಸರಿಗೆ ಬಂದು ನಿಲ್ಲುತ್ತಿದ್ದರು. ‘ಓಹೋ, ಹಾಡ್ತೀಯೇನು?’ ಅಂತ ಕೇಳುತ್ತಿದ್ದರು. ಕೇಳಿದವರಲ್ಲಿ ಯಾರಿಗೂ ಕೆಟ್ಟ ಮನಸ್ಸಿಲ್ಲ. ಪ್ರೀತಿಯಿಂದಲೇ ಕೇಳಿದ್ದು. ಆದರೆ ಅವನಿಗೆ ಹಾಡಲು ಬರುತ್ತಿರಲಿಲ್ಲ. ಬರೋದಿಲ್ಲ ಅಂತ ಎಷ್ಟು ಜನರ ಮುಂದೆ ಹೇಳಬೇಕು? ಕೊನೆಗೆ ಪ್ರಾರ್ಥನೆಗೂ ಬಾಯಿ ತೆರೆಯುವುದನ್ನು ಬಿಟ್ಟಿದ್ದ. ಆ ಹುಡುಗನ ಕೈಗೆ ಕ್ರಿಕೆಟ್ ಬ್ಯಾಟ್ ಚೆನ್ನಾಗಿ ಒಗ್ಗಿತ್ತು. ಅದನ್ನು ಯಾರೂ ಕೇಳಿರಲಿಲ್ಲ.

ಹಾಗಾಗಿ ಈ ಅಪ್ಪ ಎದುರಿಗೆ ಕೂತು ‘ನನ್ನ ಮಗಗ ಕುಮಾರ ಗಂಧರ್ವ ಅಂತನ ಇಡತೀನ್ರಿ’ ಅಂದಾಗ ನನಗೆ ನೆನಪಾದದ್ದು ಆ ಹುಡುಗ.

ಮೊದಲ ಭೇಟಿಯಲ್ಲಿ ಅವರನ್ನು ಸುಮ್ನೆ ಮಾತಾಡಲು ಬಿಟ್ಟೆ. ಕುಮಾರರ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ಇರಲಿಲ್ಲ. 1924ರ ಏಪ್ರಿಲ್ 8ರಂದು ನಮ್ಮ ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ ಹುಟ್ಟಿದ್ದು. ಚಿಕ್ಕವರಿದ್ದಾಗಲೇ ಗ್ರಾಮಫೋನ್ ತಟ್ಟೆ ಕೇಳಿ ದೊಡ್ಡ ದೊಡ್ಡ ಗವಾಯಿಗಳ ಹಾಡನ್ನು ಹಾಗೇ ಹಾಡುತ್ತಿದ್ದದ್ದು. ಮುಂಬೈಯಲ್ಲಿ ದೇವಧರ ಮಾಸ್ತರರ ಹತ್ತಿರ ಕಲಿತದ್ದು. ಕ್ಷಯ ಬಂದು 1948ರಲ್ಲಿ ಹವೆಗಾಗಿ ಮಧ್ಯಪ್ರದೇಶದ ದೇವಾಸಕ್ಕೆ ಹೋದದ್ದು, ವರ್ಷಗಟ್ಟಲೆ ಹಾಡದೆ ಮಲಗಿದ್ದು, ಒಂದು ಶ್ವಾಸಕೋಶ ಹಾಳಾದರೂ ಎದ್ದು ಬಂದು ಕಬೀರರ ನಿರ್ಗುಣ ಭಜನೆಗಳನ್ನು ಯಾರೂ ಹಾಡದ ರೀತಿಯಲ್ಲಿ ಹಾಡಿದ್ದು. ಇದನ್ನೆಲ್ಲ ಹೇಳುವಾಗ ಅವರ ಕಣ್ಣು ತುಂಬಿತ್ತು. ಜನ್ಮಶತಮಾನೋತ್ಸವದ ಕಾರ್ಯಕ್ರಮಗಳಿಗೆ ಅಂಗಡಿ ಬಾಗಿಲು ಹಾಕಿ ಹೋಗಿದ್ದರಂತೆ.

ನನಗೂ ಕುಮಾರರ ಗಾಯನವೆಂದರೆ ಇಷ್ಟ. ನಮ್ಮ ಊರಿನ ರಂಗಮಂದಿರಕ್ಕೆ ಅವರ ಹೆಸರಿದೆ ಅನ್ನುವುದು ನನಗೂ ಹೆಮ್ಮೆಯೇ. ಆದರೆ ಒಂದು ಕಟ್ಟಡಕ್ಕೆ ಹೆಸರಿಡುವುದೇ ಬೇರೆ, ಒಂದು ಕೂಸಿಗೆ ಇಡುವುದೇ ಬೇರೆ.

ಎರಡನೇ ಭೇಟಿಗೆ ಕೂಸನ್ನೂ ಕರೆದುಕೊಂಡು ಬನ್ನಿ ಅಂದಿದ್ದೆ. ಬಂದರು. ಹೆಂಡತಿ ಹೆಚ್ಚು ಮಾತಾಡುತ್ತಿರಲಿಲ್ಲ. ಬಾಯಿ ತೆರೆದಾಗಲೆಲ್ಲ ಗಂಡ ‘ನಿನಗ ಸಂಗೀತ ತಿಳಿಯಂಗಿಲ್ಲ ಬಿಡು’ ಅನ್ನುತ್ತಿದ್ದರು. ಆಕೆ ಮತ್ತೆ ಸುಮ್ಮನಾಗುತ್ತಿದ್ದಳು. ಹಾಗಾಗಿ ನಾನು ವಾದಕ್ಕೆ ಹೋಗಲಿಲ್ಲ. ಗಂಡನಿಗೆ ಒಂದು ಕೆಲಸ ಕೊಟ್ಟೆ.

‘ಇವನಿಗೆ ಈಗ ಐದು ವರ್ಷ ಅಂತ ತಿಳಿದುಕೊಳ್ಳಿ. ಹಾಲಿನ ಲೋಟ ಉರುಳಿಸಿದಾನೆ. ಹೆಸರು ಹಿಡಿದು ಕರೀರಿ, ಬೈರಿ.’

ಅವರು ನಕ್ಕರು. ‘ಏ...’ ಅಂದರು. ಹೆಸರು ಹೊರಡಲಿಲ್ಲ.

‘ಹತ್ತು ವರ್ಷ. ಗಣಿತದಲ್ಲಿ ಫೇಲಾಗಿ, ಮಾರ್ಕ್ಸ್ ಕಾರ್ಡ್ ಬಚ್ಚಿಟ್ಟಿದಾನೆ. ಕರೀರಿ.’

ಅವರು ಸರಿಯಾಗಿ ಕೂತರು. ಕೂಸನ್ನು ನೋಡಿದರು. ‘ಕುಮಾರ ಗಂಧರ್ವ...’ ಅಂದರು. ಅನ್ನುತ್ತಿದ್ದಂತೆ ಬಲಗೈ ತಾನಾಗಿ ಮೇಲೆ ಹೋಯಿತು. ಹೆಬ್ಬೆರಳು, ತೋರುಬೆರಳು ಕಿವಿಯ ಹಾಲೆ ಹಿಡಿದು ಇಳಿದವು.

ಸಂಗೀತದವರಿಗೆ ಇದು ಗೊತ್ತಿರುತ್ತದೆ. ಗುರುಗಳ, ಹಿರಿಯ ಗವಾಯಿಗಳ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತಾರೆ. ಇಷ್ಟು ಸಣ್ಣವನ ಬಾಯಲ್ಲಿ ಅಷ್ಟು ದೊಡ್ಡವರ ಹೆಸರು ಬಂತು, ಕ್ಷಮಿಸಿ ಅನ್ನುವ ಭಾವ ಅದು. ಮೊದಲ ಭೇಟಿಯಲ್ಲೂ ಕುಮಾರರ ಹೆಸರು ಬಂದಾಗಲೆಲ್ಲ ಅವರು ಹೀಗೇ ಮಾಡಿದ್ದನ್ನು ನಾನು ನೋಡಿದ್ದೆ. ಆದರೆ ಈ ಸಲ ಅದನ್ನು ಎತ್ತಿ ಹೇಳಿದ್ದು ನಾನಲ್ಲ, ಹೆಂಡತಿ.

‘ನೋಡ್ರಿ ಮೇಡಂ. ಮಗನ್ನ ಕರಿಯಾಕೂ ಕಿವಿ ಮುಟ್ಟಕೊಂಡ್ರು. ಇವರು ಇವನ್ನ ಎತ್ತಿ ಆಡಸ್ತಾರೋ, ಇವಗ ಕೈ ಮುಗೀತಾರೋ?’

ಸಂಗೀತ ತಿಳಿಯದವಳು ಅನ್ನಿಸಿಕೊಂಡ ಹೆಣ್ಣುಮಗಳು ಆಡಿದ ಮಾತು ಇದು. ಗಂಡ ತಮ್ಮ ಕೈ ನೋಡಿಕೊಂಡರು. ಎಷ್ಟೋ ಹೊತ್ತಿನ ಮೇಲೆ ‘ಅವರ ಹೆಸರ ಹಿಡದು ಹೆಂಗ ಬೈಲ್ರಿ ನಾ?’ ಅಂದರು.

ಆಗ ನಾನು ಕೇಳಿದೆ, ‘ಅವರ ಅಪ್ಪ ಅವ್ವ ಅವರಿಗೆ ಇಟ್ಟ ಹೆಸರು ಯಾವುದು?’

ತಡವಿಲ್ಲದೆ ಉತ್ತರ ಬಂತು. ‘ಶಿವಪುತ್ರ. ಶಿವಪುತ್ರ ಸಿದ್ಧರಾಮಯ್ಯ ಕೋಂಕಳಿಮಠ.’

‘ಕುಮಾರ ಗಂಧರ್ವ?’

‘ಅದು ಬಿರುದು. ಸಣ್ಣವರಿದ್ದಾಗ ಅವರ ಹಾಡು ಕೇಳಿ...’ ಅಂದವರು ಅಲ್ಲಿಗೇ ನಿಂತರು.

ಗಂಧರ್ವ ಅನ್ನುವ ಬಿರುದಿನ ಸಾಲು ದೊಡ್ಡದು. ಬಾಲ ಗಂಧರ್ವರು ಮನೆಯಲ್ಲಿ ನಾರಾಯಣ. ಸವಾಯಿ ಗಂಧರ್ವರು ಕುಂದಗೋಳದ ರಾಮಭಾವು. ಯಾರೂ ತೊಟ್ಟಿಲಲ್ಲಿ ಗಂಧರ್ವರಾಗಿರಲಿಲ್ಲ. ಮೊದಲು ಹಾಡಿದರು, ಆಮೇಲೆ ಕೇಳಿದವರು ಕರೆದರು. ಕುಮಾರರ ಮನೆಯನ್ನೇ ನೋಡಿ. ಮಗ ದೊಡ್ಡ ಗಾಯಕ, ಮುಕುಲ್ ಶಿವಪುತ್ರ. ಅಪ್ಪನ ಬಿರುದಲ್ಲ, ಅಪ್ಪನಿಗೆ ಮನೆಯವರು ಇಟ್ಟ ಹೆಸರನ್ನು ಇಟ್ಟುಕೊಂಡರು. ಮಗಳು ಕಲಾಪಿನಿ ಕೋಂಕಳಿ. ಅವರೂ ಗಾಯಕಿ, ಮನೆತನದ ಹೆಸರಿನಲ್ಲೇ ಹಾಡುತ್ತಾರೆ. ಹೊತ್ತುಕೊಳ್ಳುವ ಹಕ್ಕು ಪೂರ್ತಿ ಇದ್ದವರೇ ಆ ಹೆಸರನ್ನು ಅಪ್ಪನಿಗೇ ಬಿಟ್ಟರು. ಇದನ್ನು ಹೇಳಿದಾಗ ಈ ಅಪ್ಪ ತಲೆ ಅಲ್ಲಾಡಿಸಿದರು. ಎಲ್ಲಾ ಗೊತ್ತಿದ್ದ ವಿಷಯವೇ. ತಮ್ಮ ಮಗನ ಪಕ್ಕ ಇಟ್ಟು ನೋಡಿರಲಿಲ್ಲ ಅಷ್ಟೇ.

ನಾನು ಕೊಟ್ಟ ಸಲಹೆ ನೇರವಾಗಿತ್ತು. ಆ ಹೆಸರು ಬೇಡ ಅಂದೆ. ಸಾಮಾನ್ಯವಾಗಿ ಆಪ್ತಸಲಹೆಗಾರರು ಹೀಗೆ ಬೇಕು ಬೇಡ ಅನ್ನುವುದಿಲ್ಲ. ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು ಬೇಸರ ಮಾಡಿಕೊಂಡರು. ಹೆಸರಿಡುವುದು ತಂದೆ ತಾಯಿಯ ಹಕ್ಕು, ನೀವು ನಿಮ್ಮ ಅಭಿಪ್ರಾಯ ಹೇರಿದಿರಿ ಅಂದರು. ಹಕ್ಕು ಹೌದು. ಆದರೆ ಆ ಕೋಣೆಯಲ್ಲಿ ನಾಲ್ಕು ಜನ ಇದ್ದೆವು, ಮಾತು ಬಾರದವನು ಒಬ್ಬನೇ. ಅವನ ಪರವಾಗಿ ಯಾರಾದರೂ ಮಾತಾಡಬೇಕಿತ್ತು. ಮುಂದಿನ ಜೋಡಿ ಬಂದರೂ ಇದನ್ನೇ ಹೇಳುತ್ತೇನೆ.

ದೊಡ್ಡವರ ಹೆಸರಿಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಕಡೆ ಬಸವರಾಜರಿಲ್ಲದ ಓಣಿ ಇಲ್ಲ. ಚೆನ್ನಮ್ಮ, ರಾಯಣ್ಣ, ಸಿದ್ದೇಶ್ವರ ಎಲ್ಲಾ ಇದ್ದಾರೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಪುನೀತ್ ಅಂತ ಹೆಸರಿಟ್ಟವರೂ ನನ್ನ ಹತ್ತಿರ ಬಂದಿದ್ದಾರೆ. ಅವರಿಗೆ ನಾನು ಬೇಡ ಅಂದಿಲ್ಲ. ಸಾವಿರ ಮನೆಯಲ್ಲಿ ಓಡಾಡುವ ಹೆಸರಿಗೆ ಭಾರ ಇರುವುದಿಲ್ಲ. ಒಂದೇ ಕ್ಲಾಸಿನಲ್ಲಿ ಇಬ್ಬರು ಪುನೀತ್ ಇದ್ದರೆ ‘ಡ್ಯಾನ್ಸ್ ಮಾಡ್ತೀಯಾ’ ಅಂತ ಎಷ್ಟು ಸಲ ಕೇಳುತ್ತಾರೆ? ತೊಂದರೆ ಇರುವುದು ಒಬ್ಬರೇ ಒಬ್ಬರನ್ನು ಕಣ್ಣ ಮುಂದೆ ತಂದು ನಿಲ್ಲಿಸುವ ಹೆಸರಿನಲ್ಲಿ. ಕೇಳಿದ ತಕ್ಷಣ ಜನ ಮಗುವನ್ನು ಬಿಟ್ಟು ಆ ಕಲಾವಿದರನ್ನು ನೋಡುತ್ತಾರೆ. ಆಮೇಲೆ ತಿರುಗಿ ಮಗುವನ್ನು ನೋಡುತ್ತಾರೆ, ಏನೋ ಕಮ್ಮಿ ಅನ್ನಿಸುತ್ತದೆ. ಮಗುವಿಗೆ ಅದು ಗೊತ್ತಾಗುತ್ತದೆ. ಮಕ್ಕಳು ನಮ್ಮ ಮುಖ ಓದುವುದರಲ್ಲಿ ಬಹಳ ಚುರುಕು.

ಹಾಗಾಗಿ ನಾನು ಈಗ ಎಲ್ಲರಿಗೂ ಅದೇ ಪರೀಕ್ಷೆ ಹೇಳುತ್ತೇನೆ. ಇಟ್ಟ ಹೆಸರು ಹಿಡಿದು ಬೈದು ನೋಡಿ. ಜ್ವರ ಬಂದಾಗ ಕರೆಯುವ ಹಾಗೆ ಮೆಲ್ಲಗೆ ಕರೆದು ನೋಡಿ. ಓಣಿಯ ತುದಿಯಲ್ಲಿ ಗೋಲಿ ಆಡುತ್ತಿರುವವನನ್ನು ಕೂಗಿ ನೋಡಿ. ಮೂರರಲ್ಲಿ ಎಲ್ಲಾದರೂ ನಾಲಿಗೆ ತಡೆದರೆ ಇನ್ನೊಮ್ಮೆ ಯೋಚನೆ ಮಾಡಿ.

ಗಡಿಬಿಡಿಯೂ ಬೇಡ. ಈ ಮನೆಯಲ್ಲಿ ಅರ್ಧ ಜಗಳ ಸರ್ಟಿಫಿಕೇಟಿನ ಗಡಿಬಿಡಿಯಿಂದಲೇ ಬಂದಿತ್ತು. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು, ನಿಜ. ಆದರೆ ಹೆಸರಿನ ಜಾಗ ಖಾಲಿ ಬಿಟ್ಟೇ ನೋಂದಣಿ ಮಾಡಿಸಬಹುದು. 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವೂ ಇಲ್ಲ. ಆಮೇಲೂ ಶುಲ್ಕ ಕಟ್ಟಿ 15 ವರ್ಷದ ತನಕ ಸೇರಿಸಲು ಅವಕಾಶ ಇದೆ. ಒಮ್ಮೆ ಬರೆಸಿದ ಹೆಸರನ್ನು ಬದಲಿಸುವುದು ಮಾತ್ರ ಕಷ್ಟ. ತೊಟ್ಟಿಲಲ್ಲಿ ಕೂಗಿದ್ದೇ ಕಾಗದಕ್ಕೂ ಹೋಗಬೇಕು ಅಂತೇನಿಲ್ಲ. ನಮ್ಮಲ್ಲಿ ತೊಟ್ಟಿಲ ಹೆಸರು ಒಂದು, ಶಾಲೆಯ ಹೆಸರು ಇನ್ನೊಂದು ಇರುವವರು ಎಷ್ಟು ಜನ ಇಲ್ಲ?

ಹೆಸರಿನ ವಿಷಯ ಅಲ್ಲಿಗೆ ಸಡಿಲಾಯಿತು. ಆದರೆ ಆ ಅಪ್ಪನನ್ನು ಅಷ್ಟಕ್ಕೇ ಕಳಿಸಲು ನನಗೆ ಮನಸ್ಸು ಬರಲಿಲ್ಲ. ಮೊದಲ ಭೇಟಿಯಲ್ಲಿ ಅವರು ಒಂದು ಮಾತು ಆಡಿದ್ದರು. ‘ಅವರು ಐದಾರು ವರ್ಷ ಬಿಟ್ಟು ಮತ್ತ ಹಾಡಿದ್ರು. ನಾ ಬಿಟ್ಟವ ಬಿಟ್ಟ ಬಿಟ್ಟೆ.’ ಮುಂದಿನ ಭೇಟಿಗೆ ಅವರೊಬ್ಬರನ್ನೇ ಕರೆದು ಅದನ್ನು ಕೇಳಿದೆ. ಎಸ್ಸೆಸ್ಸೆಲ್ಸಿ ತನಕ ಸಂಗೀತ ಕಲಿತಿದ್ದರು. ಅಪ್ಪ ಹೋದರು, ಅಂಗಡಿ ಕೈಗೆ ಬಂತು. ತಂಬೂರಿಯನ್ನು ಅಟ್ಟಕ್ಕೆ ಹಾಕಿದ್ದು ಇನ್ನೂ ಕೆಳಗಿಳಿದಿಲ್ಲ. ತಂಗಿಯ ಮದುವೆ, ಸಾಲ, ಮಕ್ಕಳಾಗಲಿಲ್ಲ ಅನ್ನುವ ಚಿಂತೆ, ಹೀಗೇ ವರ್ಷಗಳು ಹೋದವು. ಇವನು ಹುಟ್ಟಿದ ರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ಕೂತು, ಇವನಾದರೂ ಹಾಡಲಿ ಅಂತ ನಿರ್ಧಾರ ಮಾಡಿದ್ದರು.

‘ಹಾಡುವ ಆಸೆ ಯಾರದು?’ ಅಂತ ಕೇಳಿದೆ.

‘ನಂದ ರೀ.’

‘ಹಾಗಾದರೆ ನೀವೇ ಹಾಡಿ.’

‘ಈ ವಯಸ್ಸಿನ್ಯಾಗ ಏನ ಹಾಡ್ಲಿ ಮೇಡಂ? ದನಿನ ಹೋಗೇತಿ.’

ಕಚೇರಿ ಮಾಡಬೇಕಾಗಿಲ್ಲ ಅಂದೆ. ಅಂಗಡಿ ತೆರೆಯುವ ಮುಂಚೆ ಅರ್ಧ ಗಂಟೆ ಸಾಕು. ಮಗ ಕೇಳುತ್ತಾ ಬೆಳೆಯಲಿ. ಇಷ್ಟವಾದರೆ ಪಕ್ಕ ಬಂದು ಕೂರುತ್ತಾನೆ, ಇಲ್ಲದಿದ್ದರೆ ಆಡಲು ಓಡುತ್ತಾನೆ. ಎರಡಕ್ಕೂ ಮನೆಯಲ್ಲಿ ಜಾಗ ಇರಲಿ. ಹೆಂಡತಿಗೂ ಒಂದು ಮಾತು ಹೇಳಿದೆ. ತೊಟ್ಟಿಲ ದಿನ ನಡೆದದ್ದಕ್ಕೆ ಗಂಡ ನಿಮ್ಮ ತವರಿನವರ ಮುಂದೆ ತಪ್ಪೊಪ್ಪಿಕೊಳ್ಳಬೇಕು, ಅದನ್ನು ನೀವು ಕೇಳುವುದು ನ್ಯಾಯ. ಆದರೆ ನಾದಿನಿಯನ್ನು ಅದರಲ್ಲಿ ಎಳೆಯಬೇಡಿ, ಆಕೆ ಅಣ್ಣ ಹೇಳಿದ್ದನ್ನು ಕೂಗಿದಳು ಅಷ್ಟೇ.

ಗಂಡ ಹೋಗಿ ಮಾವನ ಮುಂದೆ ತಪ್ಪಾಯಿತು ಅಂದರು. ಬಾಣಂತಿ ಐದನೇ ತಿಂಗಳಲ್ಲಿ ಮನೆಗೆ ಬಂದಳು. ಹೆಸರನ್ನು ಇಬ್ಬರೂ ಕೂತು ಆರಿಸಿದರು. ಅದನ್ನು ಇಲ್ಲಿ ಬರೆಯುವ ಹಾಗಿಲ್ಲ, ಆದರೆ ನಮ್ಮ ಭಾಗದಲ್ಲಿ ಬಹಳ ಜನರಿಗೆ ಇರುವ ಹೆಸರು. ತಂಬೂರಿ ಅಟ್ಟದಿಂದ ಇಳಿದು ತಂತಿ ಹಾಕಿಸಲು ಮೀರಜಿಗೆ ಹೋಗಿದೆ ಅಂತ ಆಮೇಲೆ ಫೋನ್ ಮಾಡಿದ್ದರು.

ಇದನ್ನು ಓದಿ ‘ನಾವು ಆಗಲೇ ಇಟ್ಟುಬಿಟ್ಟಿದ್ದೇವಲ್ಲ’ ಅನ್ನುವವರು ಇರುತ್ತೀರಿ. ಗಾಬರಿ ಬೇಡ. ಮನೆಯಲ್ಲಿ ಕರೆಯಲು ಚಿಕ್ಕದೊಂದು ಹೆಸರು ಇರಲಿ, ಅಪ್ಪು, ಪುಟ್ಯಾ, ಏನಾದರೂ. ಬಂದವರಿಗೆ ಪರಿಚಯ ಮಾಡಿಸುವಾಗ ಹೆಸರಿನ ಕಥೆ ಹೇಳುವುದನ್ನು ಬಿಡಿ. ‘ಹಾಡು ನೋಡೋಣ’ ಅಂತ ನೆಂಟರು ಶುರು ಮಾಡಿದರೆ ಮಗು ಉತ್ತರ ಕೊಡುವ ಮುಂಚೆ ನೀವೇ ಮಾತು ತಿರುಗಿಸಿ. ಶಾಲೆಗೆ ಹೊಸ ಟೀಚರ್ ಬಂದಾಗ ಒಮ್ಮೆ ಹೋಗಿ, ಇವನಿಗೆ ಇಷ್ಟವಾದದ್ದು ಏನು ಅಂತ ಹೇಳಿ ಬನ್ನಿ. ಸಂಗೀತದ ಕ್ಲಾಸಿಗೆ ಸೇರಿಸುವ ಮನಸ್ಸಿದ್ದರೆ ಮೊದಲು ಅವನನ್ನು ಕೇಳಿ. ಬೇಡ ಅಂದರೆ ಆ ವರ್ಷ ಮತ್ತೆ ಕೇಳಬೇಡಿ.