ಗಡ್ಡೆಯಲ್ಲಿ ಸರ್ಕ್‌ಆರ್‌ಎನ್‌ಎ (ತುದಿಗಳು ಕೂಡಿ ವೃತ್ತವಾದ ಆರ್‌ಎನ್‌ಎ) 2.5 ಪಟ್ಟು ಹೆಚ್ಚಿದೆ. ಸ್ತನ ಕ್ಯಾನ್ಸರ್‌ನ ಬಯೋಮಾರ್ಕರ್ (ರೋಗದ ಸುಳಿವು ಕೊಡುವ ಗುರುತು) ಎನ್ನಬಹುದೇ?

ಈಗಲೇ ಬೇಡ. ಹನ್ನೆರಡು ಜೋಡಿ ಅಂಗಾಂಶದಲ್ಲಿ (ಗಡ್ಡೆ ಮತ್ತು ಸಹಜ ಭಾಗ) ಕ್ಯೂಪಿಸಿಆರ್ (ಆರ್‌ಎನ್‌ಎ ಪ್ರಮಾಣ ಅಳೆಯುವ ವಿಧಾನ) ಮಾಡಿದ್ದೀರಿ, ಮುಂದೆ ಪ್ಲಾಸ್ಮಾದಲ್ಲಿ (ರಕ್ತದ ದ್ರವ ಭಾಗ) ಹುಡುಕುವ ಯೋಚನೆಯಲ್ಲಿದ್ದೀರಿ. ಅದಕ್ಕೂ ಮುಂಚೆ, ನೀವು ಅಳೆದದ್ದು ನಿಜಕ್ಕೂ ವೃತ್ತವೇ ಅನ್ನುವುದು ಇತ್ಯರ್ಥವಾಗಲಿ.

ಸರ್ಕ್‌ಆರ್‌ಎನ್‌ಎಗೆ ಪಾಲಿ-ಎ ಬಾಲವಿಲ್ಲ. ಹಾಗಾಗಿ ಸಿಡಿಎನ್‌ಎಗೆ (ಆರ್‌ಎನ್‌ಎಯಿಂದ ಮಾಡುವ ಡಿಎನ್‌ಎ ಪ್ರತಿ) ಆ ಬಾಲಕ್ಕೆ ಅಂಟುವ ಆಲಿಗೋ-ಡಿಟಿ ಬೇಡ, ಎಲ್ಲೆಂದರಲ್ಲಿ ಅಂಟುವ ರ‍್ಯಾಂಡಮ್ ಹೆಕ್ಸಾಮರ್ ಬಳಸಿ. ಒಂದಕ್ಕೊಂದು ಬೆನ್ನು ಮಾಡಿದ ಡೈವರ್ಜೆಂಟ್ ಪ್ರೈಮರ್ (ಪಿಸಿಆರ್ ಶುರುಮಾಡುವ ಚಿಕ್ಕ ಡಿಎನ್‌ಎ ತುಂಡು) ಜೋಡಿ ಬ್ಯಾಕ್‌ಸ್ಪ್ಲೈಸ್ ಸಂಧಿಯನ್ನು (ವೃತ್ತದ ತುದಿಗಳು ಕೂಡುವ ಜಾಗ) ದಾಟಿಯೇ ಉತ್ಪನ್ನ ಕೊಡಬೇಕು. ಜೀನೋಮಿಕ್ ಡಿಎನ್‌ಎ ಮೇಲೆ ಏನೂ ಬರಬಾರದು. ಬಂದ ಬ್ಯಾಂಡನ್ನು ಸ್ಯಾಂಗರ್ ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರಗಳನ್ನು ಓದುವ ವಿಧಾನ) ಮಾಡಿ ಸಂಧಿಯನ್ನು ಕಣ್ಣಾರೆ ನೋಡಿ. ಸಿಡಿಎನ್‌ಎ ಮಾಡುವ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಒಂದು ಆರ್‌ಎನ್‌ಎಯಿಂದ ಇನ್ನೊಂದಕ್ಕೆ ಹಾರಿದರೂ ಸುಳ್ಳು ಸಂಧಿ ಹುಟ್ಟುತ್ತದೆ, ಅನುಮಾನವಿದ್ದರೆ ಬೇರೆ ಕಿಣ್ವದಿಂದ ಮರುಪರೀಕ್ಷಿಸಿ.

ನೇರ ಆರ್‌ಎನ್‌ಎಯನ್ನು ಕರಗಿಸಿ ವೃತ್ತವನ್ನು ಉಳಿಸುವ ಕಿಣ್ವ ಆರ್‌ಎನ್‌ಏಸ್ ಆರ್; ಆ ಹಂತದಲ್ಲೇ ಹೆಚ್ಚಿನವರು ಎಡವುವುದು. 1 ಮೈಕ್ರೋಗ್ರಾಂ ಒಟ್ಟು ಆರ್‌ಎನ್‌ಎಗೆ 3 ಯೂನಿಟ್, 37 ಡಿಗ್ರಿಯಲ್ಲಿ 15 ನಿಮಿಷದಿಂದ ಶುರುಮಾಡಿ; ಪಕ್ಕದಲ್ಲಿ ಕಿಣ್ವವಿಲ್ಲದ ಟ್ಯೂಬ್ ಇರಲೇಬೇಕು. ನಂತರ ಎರಡರಿಂದಲೂ ಸಮ ತೂಕವಲ್ಲ, ಸಮ ಪರಿಮಾಣ ತೆಗೆದುಕೊಳ್ಳಿ. ಸಮ ತೂಕ ಹಾಕಿದರೆ ಉಳಿದ ವೃತ್ತಗಳು ತಾವಾಗಿಯೇ ಹೆಚ್ಚಿದಂತೆ ಕಾಣುತ್ತವೆ. ಇಲ್ಲಿ ಜಿಎಪಿಡಿಎಚ್‌ಗೆ (ಹೋಲಿಕೆಗೆ ಬಳಸುವ ನೇರ ಆರ್‌ಎನ್‌ಎ) ನಾರ್ಮಲೈಸ್ ಮಾಡುವುದೂ ಅರ್ಥಹೀನ, ಅದೇ ಕರಗಿಹೋಗಿರುತ್ತದೆ! ಅದರ ಸಿಟಿ (ಸಂಕೇತ ಕಾಣಿಸಿಕೊಳ್ಳುವ ಪಿಸಿಆರ್ ಸೈಕಲ್; ಹೆಚ್ಚಿದ್ದರೆ ಆರ್‌ಎನ್‌ಎ ಕಡಿಮೆ) ಹಲವು ಸೈಕಲ್ ಏರಬೇಕು, ವೃತ್ತದ್ದು ಹೆಚ್ಚು ಕದಲಬಾರದು. ಎಲ್ಲ ವೃತ್ತಗಳೂ ಈ ಕಿಣ್ವವನ್ನು ಒಂದೇ ಮಟ್ಟಕ್ಕೆ ತಡೆಯುವುದಿಲ್ಲ ಅನ್ನುವುದೂ ನೆನಪಿರಲಿ.

ಅದೇ ಜೀನ್‌ನ ನೇರ ಎಂಆರ್‌ಎನ್‌ಎಯನ್ನೂ ಅಳೆದಿರಾ? ಎರಡೂ ಸಮನಾಗಿ ಏರಿದ್ದರೆ ವೃತ್ತ ಹೊಸದೇನೂ ಹೇಳುತ್ತಿಲ್ಲ. ಜೀನ್ 17ಕ್ಯೂ12ರಲ್ಲಿ (17ನೇ ಕ್ರೋಮೋಸೋಮಿನ ಒಂದು ಭಾಗ), ಹರ್‌2 ಎಂಬ ಕ್ಯಾನ್ಸರ್ ಜೀನ್‌ನ ಆಸುಪಾಸಿನಲ್ಲಿದ್ದರೆ ಹರ್‌2 ವರ್ಧನೆಯಿಂದಲೇ (ಪ್ರತಿಗಳು ಹೆಚ್ಚುವುದರಿಂದಲೇ) ಎರಡೂ ಏರಬಹುದು. ಇಆರ್ (ಈಸ್ಟ್ರೊಜೆನ್ ಗ್ರಾಹಕ), ಹರ್‌2, ಟ್ರಿಪಲ್ ನೆಗೆಟಿವ್ ಎಂಬ ಸ್ತನ ಕ್ಯಾನ್ಸರ್ ಬಗೆಗಳಾಗಿ ಬೇರ್ಪಡಿಸಿದರೆ 12 ಜೋಡಿಯಲ್ಲಿ ಒಂದೊಂದು ಗುಂಪಿಗೆ ಎಷ್ಟು ಉಳಿದೀತು?

ಪ್ಲಾಸ್ಮಾದ ವಿಷಯಕ್ಕೆ ಬಂದರೆ, ಪ್ಲೇಟ್‌ಲೆಟ್ ಮತ್ತು ಕೆಂಪು ರಕ್ತಕಣಗಳಲ್ಲಿ ಸರ್ಕ್‌ಆರ್‌ಎನ್‌ಎ ತುಂಬಿ ತುಳುಕುತ್ತದೆ. ಪ್ಲೇಟ್‌ಲೆಟ್ ಉಳಿದ ಪ್ಲಾಸ್ಮಾ ಗಡ್ಡೆಯ ಕಥೆಯನ್ನಲ್ಲ, ನಿಮ್ಮ ಸೆಂಟ್ರಿಫ್ಯೂಜಿನ ಕಥೆಯನ್ನು ಹೇಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಟ್ಯೂಬ್ ಬಳಸಿ (ಹೆಪಾರಿನ್ ಪಿಸಿಆರ್ ಅನ್ನು ತಡೆಯುತ್ತದೆ), ಎರಡು ಗಂಟೆಯೊಳಗೆ 1,600 ಜಿಯಲ್ಲಿ (ಗುರುತ್ವದ 1,600 ಪಟ್ಟು) 10 ನಿಮಿಷ ತಿರುಗಿಸಿ. ಮೇಲಿನ ದ್ರವವನ್ನು ತಳ ಕಲಕದಂತೆ ತೆಗೆದು ಮತ್ತೆ 10,000 ಜಿಗೂ ಮೇಲೆ 10 ನಿಮಿಷ ತಿರುಗಿಸಿ, ಆಮೇಲಷ್ಟೇ ಫ್ರೀಜರ್. ಮೊದಲೇ ಫ್ರೀಜ್ ಮಾಡಿದರೆ ಪ್ಲೇಟ್‌ಲೆಟ್ ಒಡೆದು ಒಳಗಿನದೆಲ್ಲ ಹೊರಬೀಳುತ್ತದೆ. 414 ನ್ಯಾನೊಮೀಟರ್‌ನಲ್ಲಿ ಹೀರುವಿಕೆ 0.2 ದಾಟಿದ ಮಾದರಿಯನ್ನು ಹೀಮೋಲಿಸಿಸ್ (ಕೆಂಪು ರಕ್ತಕಣ ಒಡೆದದ್ದು) ಎಂದು ಬದಿಗಿಡಿ.

ಹೋಲಿಕೆಗೆ ಆರೋಗ್ಯವಂತ ವಿದ್ಯಾರ್ಥಿನಿಯರ ರಕ್ತ ಸಾಲದು. ವೈದ್ಯರ ಮುಂದಿರುವುದು ಗಂಟು ಎಂದು ಬಂದ ಮಹಿಳೆ. ಹಾಗೆ ಬಂದು ಬಯಾಪ್ಸಿಯಲ್ಲಿ ಫೈಬ್ರೊಅಡಿನೋಮಾ (ಕ್ಯಾನ್ಸರ್ ಅಲ್ಲದ ಗಂಟು) ಎಂದು ತಿಳಿದವರನ್ನು ನಿಯಂತ್ರಣ ಗುಂಪಿಗೆ ಸೇರಿಸಿ. ಮೊದಲ ಗುಂಪಿನಲ್ಲಿ ಗೊತ್ತುಪಡಿಸಿದ ಕಟ್‌ಆಫ್ ಅನ್ನು (ಕ್ಯಾನ್ಸರ್ ಇದೆ, ಇಲ್ಲ ಎಂದು ಬೇರ್ಪಡಿಸುವ ಗಡಿ) ಒಂದಿಷ್ಟೂ ಬದಲಿಸದೆ ಬೇರೊಂದು ಆಸ್ಪತ್ರೆಯ ಮಾದರಿಗಳ ಮೇಲೆ ಹಾಕಿ ನೋಡಿ.